ಯುಗಾದಿಗೆ ಉಗುರಿನ ಸಿಂಗಾರ

ವಸಂತವು ಗಿಡಮರಗಳಿಗೆ ಬರುವಾಗ ಮೊದಲು ಕೊಂಬೆಯ ತುದಿಗೆ ಬರುತ್ತದೆ. ಬುಡವು ಎಂದಿನಂತೆ ಒರಟಾಗಿಯೇ ಇರುತ್ತದೆ. ತೊಗಟೆಯ ಬಿರುಕುಗಳೂ ಹಾಗೆಯೇ ಉಳಿದಿರುತ್ತವೆ. ತುದಿಯಲ್ಲಿ ಮಾತ್ರ ತಾಮ್ರವರ್ಣದ ಚಿಗುರು ಮೂಡಿರುತ್ತದೆ. ದಿನವಿಡೀ ದುಡಿದ ಹೆಣ್ಣುಮಗಳು ಹಬ್ಬದ ಮುನ್ನಾದಿನ ತನ್ನ ಬೆರಳ ತುದಿಗಿಷ್ಟು ಬಣ್ಣ ಹಚ್ಚಿಕೊಳ್ಳುವುದನ್ನು ಕಂಡಾಗಲೆಲ್ಲ ನನಗೆ ಈ ಚಿಗುರಿನ ನೆನಪಾಗುತ್ತದೆ.

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳನ್ನು ಬಲ್ಲವರಿಗೆ ಅಲ್ಲಿಯ ವಸಂತ ಎಂಥದೆಂಬುದು ಗೊತ್ತು. ಆಳಂದದ ಸೀಮೆಯ ಅಮರ್ಜಾ ನದಿಯು ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ಭೀಮೆಯು ಮುಂದೆ ಜೇವರ್ಗಿಯ ಕಡೆಗೆ ಹರಿಯುತ್ತದೆ. ಫಾಲ್ಗುಣ ಕಳೆಯುವ ಹೊತ್ತಿಗೆ ಹೊಲಗಳಲ್ಲಿ ಬಿಳಿಜೋಳದ ರಾಶಿ ಮುಗಿಯುತ್ತ ಬಂದಿರುತ್ತದೆ. ಹೋಳಿಹುಣ್ಣಿಮೆ ಕಳೆದು ಕಲಬುರಗಿಯಲ್ಲಿ ಶರಣಬಸವೇಶ್ವರರ ಜಾತ್ರೆ ನೆರೆಯುತ್ತದೆ. ಬಿಸಿಲು ಆಗಲೇ ತಲೆ ಸುಡುವಷ್ಟು ಏರಿರುತ್ತದೆ. ಆ ಬಿಸಿಲಿನಲ್ಲಿಯೇ ಬೇವು ಹೂಬಿಡುತ್ತದೆ. ಪುಟಾಣಿ ಹಿಟ್ಟು, ಬೆಲ್ಲ, ಹುಣಸೆರಸಗಳೊಡನೆ ಆ ಹೂವನ್ನು ಕದಡಿದ ಯುಗಾದಿಯ ಬೇವು ಮನೆಮನೆಯಲ್ಲಿ ಸಿದ್ಧವಾಗುತ್ತದೆ.

ಅಫಜಲಪುರದಲ್ಲಿರುವ ನನ್ನ ಅಣ್ಣನ ಮಗಳು ಮೊನ್ನೆ ಫೋನಿನಲ್ಲಿ ಕೇಳಿದಳು: “ಅತ್ತಿ, ಉಗುರಿನ ಮ್ಯಾಲ ಹೂವು ತೆಗೆಯೋದು ಮನ್ಯಾಗ ಹ್ಯಾಂಗ? ಕಲಬುರ್ಗಿ ಪಾರ್ಲರಿಗೆ ಹೋಗಬೇಕಂದ್ರ ಅರ್ಧಾ ದಿನ ಬಸ್ಸಿನಾಗೇ ಹೋಗ್ತದ. ಅವ್ವಂತೂ ‘ರೊಟ್ಟಿ ಬಡಿಯೋ ಕೈಗೆ ಬಣ್ಣ ಯಾಕ’ ಅಂತಾಳ.”

ಮಗಳ ಪ್ರಶ್ನೆಗೆ ಉತ್ತರ ಸುಲಭ. ತಾಯಿಯ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಸ್ವಲ್ಪ ಯೋಚಿಸಬೇಕಾಗುತ್ತದೆ. ಈ ವಾರ ಎರಡಕ್ಕೂ ಉತ್ತರ ಕೊಡಲು ಯತ್ನಿಸುತ್ತೇನೆ.

ಮೊದಲು ಹಳೆಯ ಬಣ್ಣದ ಮಾತು. ರೊಟ್ಟಿ ಬಡಿಯುವ ಕೈಗೆ ಬಣ್ಣವೇಕೆಂದು ನಮ್ಮ ಅಜ್ಜಿಯರು ಎಂದೂ ಕೇಳಿದವರಲ್ಲ. ಬೇಲಿಯಂಚಿನ ಮದರಂಗಿಯ ಸೊಪ್ಪನ್ನು ತರಿದು, ಕಲ್ಲಿನ ಮೇಲೆ ನುಣ್ಣಗೆ ಅರೆದು, ಬೆರಳ ತುದಿಗೆ ಟೊಪ್ಪಿಗೆಯಂತೆ ಮೆತ್ತಿಕೊಂಡು, ಹಳೆಯ ಬಟ್ಟೆಯ ಚೂರು ಸುತ್ತಿ ಮಲಗುತ್ತಿದ್ದರು. ಮೈಸೂರಿನ ಕಡೆಯವರು ಗೋರಂಟಿ ಎನ್ನುವುದು ಇದನ್ನೇ. ಆಳಂದದ ಲಾಡ್ಲೆ ಮಶಾಕರ ದರ್ಗಾದ ಸುತ್ತಲಿನ ಮನೆಗಳಲ್ಲಿ ಮೆಹಂದಿ ಎನ್ನುವುದೂ ಇದನ್ನೇ. ಒಂದೇ ಗಿಡದ ಎಲೆ ಒಬ್ಬರಿಗೆ ಮದುವೆಯ ಚಪ್ಪರದ ದಿನ, ಇನ್ನೊಬ್ಬರಿಗೆ ಈದಿನ ಹಿಂದಿನ ರಾತ್ರಿ ಬೇಕಾಗುತ್ತದೆ.

ಈ ಎಲೆಯಲ್ಲಿ ಲಾಸೋನ್ ಎಂಬ ಕಿತ್ತಳೆಗೆಂಪಿನ ವಸ್ತುವಿದೆ. ನಮ್ಮ ಉಗುರು, ಕೂದಲು, ಚರ್ಮದ ಮೇಲ್ಪದರ ಇವೆಲ್ಲವೂ ಕೆರಾಟಿನ್ ಎಂಬ ಪ್ರೋಟೀನಿನಿಂದ ಆದವು. ಲಾಸೋನ್ ಆ ಕೆರಾಟಿನ್ನಿನೊಡನೆ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತದೆ. ಚರ್ಮದ ಮೇಲ್ಪದರವು ಉದುರುತ್ತಲೇ ಇರುವುದರಿಂದ ಅಂಗೈಯ ಕೆಂಪು ಎರಡು ಮೂರು ವಾರಗಳಲ್ಲಿ ಮಾಸಿಹೋಗುತ್ತದೆ. ಉಗುರು ಉದುರುವುದಿಲ್ಲ, ಬೆಳೆಯುತ್ತದೆ. ಅದೂ ತಿಂಗಳಿಗೆ ಸುಮಾರು 3 ಮಿಲಿಮೀಟರಿನಷ್ಟು ಮಾತ್ರ. ಆದ್ದರಿಂದ ಯುಗಾದಿಗೆ ಹಚ್ಚಿದ ಮದರಂಗಿ ಬುಡದಿಂದ ಮೆಲ್ಲಗೆ ಮೇಲಕ್ಕೆ ಸರಿಯುತ್ತ, ಅರ್ಧಚಂದ್ರವಾಗಿ, ಬಿದಿಗೆಯ ಚಂದ್ರವಾಗಿ, ದಸರೆಯ ಸುಮಾರಿಗೆ ತುದಿಯಿಂದ ಮಾಯವಾಗುತ್ತದೆ. ಸೀಸೆಯ ಬಣ್ಣವು ಉಗುರಿನ ಮೇಲೆ ಕೂತಿರುತ್ತದೆ. ಮದರಂಗಿಯು ಉಗುರಿನೊಳಗೇ ಇಳಿದಿರುತ್ತದೆ. ನಮಾಜಿಗೆ ಮುಂಚೆ ವಜೂ ಮಾಡುವ ಹೆಣ್ಣುಮಕ್ಕಳು ಮೆಹಂದಿಯನ್ನೇ ಮೆಚ್ಚುವುದು ಈ ಕಾರಣಕ್ಕೆ. ಅದು ಉಗುರಿಗೆ ನೀರು ತಾಗದಂತೆ ತಡೆಯುವುದಿಲ್ಲ.

ಹೊಸದಾಗಿ ಕಲಿಯುವವರಿಗೆ ಮದರಂಗಿಗಿಂತ ಒಳ್ಳೆಯ ಮೊದಲ ಪಾಠವಿಲ್ಲ. ಹಸಿ ಎಲೆಯಾದರೆ ಕಡ್ಡಿ ತೆಗೆದು, ಒಂದಿಷ್ಟು ಹುಣಸೆರಸ ಅಥವಾ ನಿಂಬೆರಸ ಸೇರಿಸಿ ಬೆಣ್ಣೆಯಂತೆ ಅರೆಯಬೇಕು. ಹುಳಿಯು ಬಣ್ಣವನ್ನು ಎಲೆಯಿಂದ ಬಿಡಿಸಲು ನೆರವಾಗುತ್ತದೆ. ಪುಡಿಯಾದರೆ ನಿಂಬೆರಸದಲ್ಲಿ ಕಲಸಿ ಆರೇಳು ಗಂಟೆ ಮುಚ್ಚಿಡಬೇಕು. ಕೆಲವರು ಸುಣ್ಣ ಬೆರೆಸುತ್ತಾರೆ. ಅದು ಚರ್ಮವನ್ನು ಸುಡಬಲ್ಲದು, ಬೇಡ. ಉಗುರಿನ ಸುತ್ತಲಿನ ಚರ್ಮ ಕೆಂಪಾಗಬಾರದೆಂದಿದ್ದರೆ ಅಲ್ಲಿ ಮೊದಲು ಕೊಬ್ಬರಿ ಎಣ್ಣೆ ಸವರಬೇಕು. ಉಗುರಿಗೆ ಮಾತ್ರ ಎಣ್ಣೆ ತಾಗಕೂಡದು. ಉಗುರಿನ ಮಧ್ಯದಲ್ಲಿ ಸಣ್ಣದೊಂದು ಅಂಟುಚೀಟಿಯ ಚುಕ್ಕಿಯನ್ನು ಒತ್ತಿ, ಅದರ ಮೇಲೆಯೇ ಮದರಂಗಿ ಮೆತ್ತಿದರೆ ಮರುದಿನ ಕೆಂಪಿನ ನಡುವೆ ಬಿಳಿಯ ಚಂದ್ರ ಮೂಡಿರುತ್ತಾನೆ. ಇದಕ್ಕೆ ಕುಂಚವೂ ಬೇಡ, ನಡುಗದ ಕೈಯೂ ಬೇಡ. ಚೈತ್ರದ ಬಿಸಿಲಿಗೆ ಮೆತ್ತಿದ ಮದರಂಗಿ ಬೇಗ ಒಣಗಿ ಉದುರುವುದರಿಂದ ಆಗಾಗ ಸಕ್ಕರೆ ಕರಗಿಸಿದ ನಿಂಬೆರಸವನ್ನು ಹತ್ತಿಯಲ್ಲಿ ಅದ್ದಿ ಒತ್ತಬೇಕು. ಐದಾರು ಗಂಟೆಯ ಬಳಿಕ ಕೆರೆದು ತೆಗೆಯಬೇಕೇ ಹೊರತು ಕೂಡಲೇ ನೀರಿನಲ್ಲಿ ತೊಳೆಯಬಾರದು. ಮೊದಲು ಕಿತ್ತಳೆಯಾಗಿ ಕಾಣುವ ಬಣ್ಣ ಒಂದೆರಡು ದಿನದಲ್ಲಿ ತಾನಾಗಿಯೇ ಗಾಢವಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ಜಾತ್ರೆ, ಸಂತೆಗಳಲ್ಲಿ ‘ಕರಿ ಮೆಹಂದಿ’ ಎಂದು ಮಾರುವ ಕೋನುಗಳಿವೆ. ಹತ್ತೇ ನಿಮಿಷದಲ್ಲಿ ಕಪ್ಪಗೆ ಹತ್ತುವ ಮದರಂಗಿ ಪ್ರಕೃತಿಯಲ್ಲಿ ಇಲ್ಲ. ಇಂಥವುಗಳಲ್ಲಿ ಎಷ್ಟೋ ವೇಳೆ ತಲೆಗೂದಲಿನ ಬಣ್ಣಕ್ಕೆ ಹಾಕುವ ಪಿಪಿಡಿ ಎಂಬ ರಾಸಾಯನಿಕವನ್ನು ಬೆರೆಸಿರುತ್ತಾರೆ. ಅದರಿಂದ ಚರ್ಮ ಬೊಬ್ಬೆಯೆದ್ದು, ಕಲೆ ನಿಂತುಬಿಡಬಹುದು. ಮುಂದೆ ಜೀವಮಾನವೆಲ್ಲ ಕೂದಲಬಣ್ಣ ಹಚ್ಚಿದಾಗ ಅದೇ ತೊಂದರೆ ಮರುಕಳಿಸಬಹುದು. ಎಳೆಯ ಕೂಸುಗಳಿಗಂತೂ ಶುದ್ಧ ಮದರಂಗಿಯೂ ಬೇಡ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಕ್ಕಳಲ್ಲಿ ಅದು ರಕ್ತಕಣಗಳನ್ನೇ ಒಡೆಯಬಲ್ಲದು, ಮತ್ತು ಆ ಕೊರತೆ ಹೊರನೋಟಕ್ಕೆ ಕಾಣುವಂಥದಲ್ಲ.

ಇನ್ನು ಸೀಸೆಯ ಬಣ್ಣ. ಇದು ಮೋಟಾರು ಗಾಡಿಗಳಿಗೆ ಒಂದು ಕಾಲದಲ್ಲಿ ಬಳಿಯುತ್ತಿದ್ದ ನೈಟ್ರೋಸೆಲ್ಯುಲೋಸ್ ಮೆರುಗೆಣ್ಣೆಯ ಜಾತಿಗೆ ಸೇರಿದ್ದು. ಅಮೆರಿಕದಲ್ಲಿ 1932ರಲ್ಲಿ ಆರಂಭವಾದ ರೆವ್ಲಾನ್ ಸಂಸ್ಥೆಯು ಉಗುರುಬಣ್ಣದಿಂದಲೇ ತನ್ನ ವ್ಯಾಪಾರವನ್ನು ತೊಡಗಿತು. ನಮ್ಮಲ್ಲಿ ಟಾಟಾ ಸಂಸ್ಥೆಯವರು 1952ರಲ್ಲಿ ಲ್ಯಾಕ್ಮೆಯನ್ನು ಸ್ಥಾಪಿಸಿದರು. ಆ ಹೆಸರು ನಮ್ಮ ‘ಲಕ್ಷ್ಮಿ’ಯ ಫ್ರೆಂಚ್ ರೂಪವೇ. ಅಲ್ಲಿಂದೀಚೆಗೆ ಈ ಪುಟ್ಟ ಸೀಸೆ ತಾಲ್ಲೂಕು ಕೇಂದ್ರದ ಬಳೆ ಅಂಗಡಿಯವರೆಗೂ ಬಂದಿದೆ.

ಬಣ್ಣ ಹಚ್ಚುವುದಕ್ಕಿಂತ ಮೊದಲು ನೆಲ ಸಾರಿಸಬೇಕು, ಉಗುರಿಗೂ ಅಷ್ಟೇ. ಜೋಳದ ಹಿಟ್ಟು ನಾದುವ ಕೈಗೆ ಉದ್ದನೆಯ ಉಗುರು ಒಪ್ಪುವುದಿಲ್ಲ. ಬೆರಳಿನ ತುದಿಗೆ ಸಮನಾಗಿ ಕತ್ತರಿಸಿಕೊಳ್ಳಿ. ಅರವನ್ನು ಗರಗಸದಂತೆ ಹಿಂದಕ್ಕೂ ಮುಂದಕ್ಕೂ ಎಳೆಯದೆ ಒಂದೇ ದಿಕ್ಕಿಗೆ ಉಜ್ಜಿ. ಉಗುರಿನ ಬುಡದಲ್ಲಿರುವ ತೆಳುಚರ್ಮವನ್ನು ಎಂದಿಗೂ ಕತ್ತರಿಸಬೇಡಿ. ನಂಜು ಒಳಸೇರದಂತೆ ಕಾಯುವ ಹೊಸಿಲು ಅದು. ಅದನ್ನು ಕಿತ್ತರೆ ಬೆರಳು ಕೀವಾಗುವ ಸಂಭವವಿದೆ. ಬೆಚ್ಚನೆಯ ನೀರಿನಲ್ಲಿ ಕೈ ನೆನೆಸಿ, ಮೆತ್ತನೆಯ ಬಟ್ಟೆಯಿಂದ ಹಿಂದಕ್ಕೆ ಒತ್ತಿದರೆ ಸಾಕು. ಆದರೆ ನೆನೆಸಿದ ಕೂಡಲೇ ಬಣ್ಣ ಬೇಡ. ನೀರು ಕುಡಿದ ಉಗುರು ಉಬ್ಬಿರುತ್ತದೆ. ಒಣಗಿ ಕುಗ್ಗಿದಾಗ ಬಣ್ಣ ಸೀಳುತ್ತದೆ. ಒಂದು ಗಂಟೆ ತಾಳಿ, ಬಣ್ಣ ತೆಗೆಯುವ ದ್ರವದಿಂದ ಉಗುರಿನ ಜಿಡ್ಡನ್ನು ಒರೆಸಿ, ಆಮೇಲೆ ಹಚ್ಚಿ.

ಸೀಸೆಯನ್ನು ಜೋರಾಗಿ ಅಲ್ಲಾಡಿಸಿದರೆ ಗುಳ್ಳೆ ಬರುತ್ತವೆ. ಎರಡು ಅಂಗೈಗಳ ನಡುವೆ ಉರುಳಿಸಿ. ದಪ್ಪಗೆ ಒಂದೇ ಸಲ ಬಳಿಯುವುದಕ್ಕಿಂತ ತೆಳ್ಳಗೆ ಎರಡು ಸಲ ಬಳಿಯುವುದು ಲೇಸು. ನಡುವೆ ಒಂದು ಎಳೆ, ಎಡಕ್ಕೆ ಒಂದು, ಬಲಕ್ಕೆ ಒಂದು, ಹೀಗೆ ಮೂರೇ ಎಳೆಗಳಲ್ಲಿ ಉಗುರು ಮುಗಿಯಬೇಕು.

ಚಿತ್ರಕ್ಕೆ ದುಬಾರಿ ಸಾಮಾನು ಬೇಕಿಲ್ಲ. ಬರೆಯುವ ಪೆನ್ಸಿಲಿನ ಹಿಂದಿನ ರಬ್ಬರಿಗೆ ಒಂದು ಗುಂಡುಸೂಜಿಯನ್ನು ಚುಚ್ಚಿದರೆ ಅದರ ತಲೆಯೇ ಚುಕ್ಕಿ ಇಡುವ ಕುಂಚವಾಗುತ್ತದೆ. ಅಂಗಳದಲ್ಲಿ ಚುಕ್ಕಿ ಇಟ್ಟು ರಂಗೋಲಿ ಬಿಡಿಸಬಲ್ಲ ಹೆಣ್ಣುಮಗಳಿಗೆ ಉಗುರಿನ ಚಿತ್ರ ಹೊಸ ವಿದ್ಯೆಯೇ ಅಲ್ಲ. ಅಂಗಳ ಮಾತ್ರ ಚಿಕ್ಕದು. ಯುಗಾದಿಗೆ ಒಪ್ಪುವ ಮೂರು ಸುಲಭದ ಚಿತ್ತಾರಗಳನ್ನು ಹೇಳುತ್ತೇನೆ.

ಒಂದನೆಯದು, ಬೇವಿನ ಹೂ. ಉಗುರಿಗೆಲ್ಲ ಎಳೆ ಹಸಿರನ್ನು ಹಚ್ಚಿ ಒಣಗಿಸಿ. ಬೇವಿನ ಹೂವಿಗೆ ಐದು ಬಿಳಿಯ ಎಸಳು. ಅದರಂತೆ ಐದು ಬಿಳಿಚುಕ್ಕಿಗಳನ್ನು ದುಂಡಗೆ ಇಟ್ಟು ನಡುವೆ ಹಳದಿಯ ಒಂದು ಚುಕ್ಕಿ ಇಡಿ. ಒಂದು ಉಗುರಿಗೆ ಒಂದೇ ಹೂ ಸಾಕು, ಅದೂ ಒಂದು ಬದಿಗೆ.

ಎರಡನೆಯದು, ಮುತ್ತುಗದ ಹೂ. ಮುತ್ತುಗವು ಎಲೆಯುದುರಿಸಿ ಬರಿಯ ಕೊಂಬೆಯಲ್ಲಿ ಬೆಂಕಿಯಂತೆ ಅರಳುವ ಕಾಲವಿದು. ಉಗುರಿನ ಬುಡಕ್ಕೆ ಕಡುಗಂದು, ಮೇಲೆ ಕೇಸರಿ. ಎರಡೂ ಇನ್ನೂ ಹಸಿಯಾಗಿರುವಾಗಲೇ ಸೂಜಿಯ ಮೊನೆಯಿಂದ ಬುಡದಿಂದ ತುದಿಗೆ ಮೂರು ಗೆರೆ ಎಳೆದರೆ ಕಂದು ಬಣ್ಣ ಕೇಸರಿಯೊಳಗೆ ನಾಲಿಗೆಯಾಗಿ ಚಾಚುತ್ತದೆ. ಗೆರೆ ಸೊಟ್ಟಗಾದರೆ ಚಿಂತೆಯಿಲ್ಲ. ಉರಿಯ ನಾಲಿಗೆ ನೆಟ್ಟಗಿರುವುದಿಲ್ಲವಷ್ಟೆ.

ಮೂರನೆಯದು, ಜೋಳದ ತೆನೆ. ಮಣ್ಣಿನ ಕಪ್ಪು ಬಣ್ಣದ ಮೇಲೆ ಕೆನೆಬಣ್ಣದ ಸಣ್ಣ ಚುಕ್ಕಿಗಳನ್ನು ಒತ್ತಾಗಿ, ಬುಡದಲ್ಲಿ ಅಗಲ, ತುದಿಯಲ್ಲಿ ಕಿರಿದಾಗುವಂತೆ ಇಡುತ್ತ ಹೋಗಿ. ಕರಿನೆಲದ ನಾಡಿನವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಹೊಸಬರು ಸೋಲುವುದು ಬಲಗೈಯ ಸರದಿ ಬಂದಾಗ. ಎಡಗೈಯಲ್ಲಿ ಕುಂಚ ಹಿಡಿದೊಡನೆ ನಡುಕ ಬರುತ್ತದೆ. ಮಣಿಕಟ್ಟನ್ನು ಮಣೆಯ ಅಂಚಿಗೆ ಊರಿ, ಕುಂಚವನ್ನು ಸ್ಥಿರವಾಗಿ ಹಿಡಿದು, ಬಣ್ಣ ಹಚ್ಚಬೇಕಾದ ಬೆರಳನ್ನೇ ಮೆಲ್ಲಗೆ ಹೊರಳಿಸಿ. ಇದಕ್ಕಿಂತ ಸುಲಭದ ದಾರಿಯೆಂದರೆ ಇಬ್ಬರು ಎದುರುಬದುರು ಕೂತು ಒಬ್ಬರ ಕೈಗೆ ಇನ್ನೊಬ್ಬರು ಹಚ್ಚುವುದು. ಕೊನೆಗೆ ಬಣ್ಣವಿಲ್ಲದ ಮೆರುಗನ್ನು ಒಂದು ಸಲ ಹಚ್ಚಿ, ಉಗುರಿನ ತುದಿಯಂಚಿಗೂ ಸವರಿದರೆ ಬಾಳಿಕೆ ಹೆಚ್ಚು. ಮೇಲೆ ಒಣಗಿದಂತೆ ಕಂಡರೂ ಒಳಗೆ ಗಟ್ಟಿಯಾಗಲು ಒಂದು ಗಂಟೆಗೂ ಹೆಚ್ಚು ಹೊತ್ತು ಬೇಕು. ಆದುದರಿಂದ ರಾತ್ರಿಯ ಪಾತ್ರೆ ತೊಳೆದಾದ ಮೇಲೆಯೇ ಈ ಕೆಲಸಕ್ಕೆ ಕೂಡುವುದು ಜಾಣತನ. ದಿನವೂ ಹಿಟ್ಟು ನಾದುವವರು ಕೈಗೆ ಮದರಂಗಿಯನ್ನೂ ಕಾಲಿಗೆ ಸೀಸೆಯ ಬಣ್ಣವನ್ನೂ ಇಟ್ಟುಕೊಂಡರೆ ಬಣ್ಣದ ಚಕ್ಕೆ ಹಿಟ್ಟಿನಲ್ಲಿ ಬೀಳುವ ಭಯವಿರುವುದಿಲ್ಲ.

ಉಗುರುಬಣ್ಣವೂ ಅದನ್ನು ತೆಗೆಯುವ ದ್ರವವೂ ಬೇಗ ಬೆಂಕಿ ಹತ್ತುವಂಥವು. ಒಲೆಯ ಬಳಿ, ದೇವರ ದೀಪದ ಮುಂದೆ ಕೂತು ಹಚ್ಚಬೇಡಿ. ಗಾಳಿಯಾಡುವ ಪಡಸಾಲೆಯೇ ಲೇಸು. ಮಕ್ಕಳ ಕೈಗೆ ಸೀಸೆ ಸಿಗಬಾರದು. ಈಗ ಮನೆಗೇ ತರಿಸಿಕೊಳ್ಳುವ ‘ಜೆಲ್’ ಬಣ್ಣ ಮತ್ತು ದೀಪದ ಪೆಟ್ಟಿಗೆಯ ಮೋಹ ಹೆಚ್ಚಿದೆ. ಹೊಸಬರು ಅದಕ್ಕೆ ಆತುರಪಡದಿರುವುದು ಒಳಿತು. ಗಟ್ಟಿಯಾಗದ ಜೆಲ್ ಚರ್ಮಕ್ಕೆ ತಾಗುತ್ತಿದ್ದರೆ ಅದರಲ್ಲಿರುವ ಅಕ್ರಿಲೇಟುಗಳಿಗೆ ಅಲರ್ಜಿ ಹುಟ್ಟಬಹುದು. ಅದು ಒಮ್ಮೆ ಹುಟ್ಟಿದರೆ ಸಾಮಾನ್ಯವಾಗಿ ಹೋಗುವುದಿಲ್ಲ. ಹಲ್ಲು ತುಂಬಿಸುವ ವಸ್ತುವೂ ಅದೇ ಜಾತಿಯದಾದ್ದರಿಂದ ಮುಂದೆ ಹಲ್ಲಿನ ವೈದ್ಯರ ಬಳಿ ತೊಡಕಾಗಬಹುದು.

ಇಷ್ಟಾದ ಮೇಲೆ ನಾನು ನಿಜವಾಗಿ ಹೇಳಬೇಕೆಂದಿದ್ದ ಮಾತಿಗೆ ಬರುತ್ತೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ಬಂಧುಗಳಲ್ಲಿ ಒಬ್ಬಾಕೆ ಸಣ್ಣದೊಂದು ಶಸ್ತ್ರಚಿಕಿತ್ಸೆಗಾಗಿ ಆಸ್ಪತ್ರೆ ಸೇರಿದಳು. ಕೈಯ ಉಗುರುಗಳಿಗೆ ಸದಾ ಕಡುಗೆಂಪು ಬಣ್ಣವಿರಬೇಕು ಆಕೆಗೆ. ಒಂದು ಮಾಸುವ ಮೊದಲೇ ಇನ್ನೊಂದು. ಬೆರಳ ತುದಿಗೆ ಸಿಕ್ಕಿಸಿ ಬೆಳಕು ಹಾಯಿಸಿ ರಕ್ತದ ಆಮ್ಲಜನಕವನ್ನು ಅಳೆಯುವ ಉಪಕರಣವೊಂದಿದೆಯಲ್ಲ, ಗಾಢ ಬಣ್ಣವಿದ್ದರೆ ಅದರ ಲೆಕ್ಕ ತಪ್ಪಬಹುದು. ಆದಕಾರಣ ಬಣ್ಣ ಒರೆಸಲು ನರ್ಸ್ ಬಂದಳು. ಒರೆಸಿದ ಮೇಲೆ ಆಕೆ ಕೈಯನ್ನು ಬಿಡದೆ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತ ನಿಂತಳು. ಉಗುರಿನಡಿಯ ಗುಲಾಬಿಬಣ್ಣವೇ ಇರಲಿಲ್ಲ, ಕಾಗದದಂತೆ ಬೆಳ್ಳಗಿತ್ತು. ಒಂದೆರಡು ಉಗುರುಗಳು ನಡುವೆ ತಗ್ಗಾಗಿ ಚಮಚದಂತೆ ಬಾಗಿದ್ದವು. ಅಂದೇ ಸಂಜೆ ಬಂದ ಪರೀಕ್ಷೆಯಲ್ಲಿ ರಕ್ತದ ಹಿಮೋಗ್ಲೋಬಿನ್ 7 ಗ್ರಾಂ ಎಂದಿತ್ತು. ಇರಬೇಕಾದದ್ದು ಕನಿಷ್ಠ 12. ಶಸ್ತ್ರಚಿಕಿತ್ಸೆಯನ್ನು ಮುಂದೂಡಿದರು. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿದ್ದುದನ್ನು ಆಕೆ ಒಂದು ವರ್ಷದಿಂದ ಬಿಸಿಲಿನ ತಲೆಗೆ ಕಟ್ಟುತ್ತ ಬಂದಿದ್ದಳು. ಸುಳಿವು ಕಣ್ಣೆದುರೇ, ಹತ್ತೂ ಬೆರಳುಗಳಲ್ಲಿತ್ತು. ನಾವು ಅದನ್ನು ಬಣ್ಣದಲ್ಲಿ ಮುಚ್ಚಿದ್ದೆವು.

ಇದು ಒಬ್ಬಳ ಕಥೆಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದೆ. ಕರ್ನಾಟಕದಲ್ಲಿ ನೂರಕ್ಕೆ ಸುಮಾರು 48 ಮಂದಿಗೆ. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವಳ ಉಗುರನ್ನು ಯಾರು ನೋಡುತ್ತಾರೆ?

ಆದುದರಿಂದ ಬಣ್ಣ ಹಚ್ಚುವ ಮುಂಚೆ ಬರಿಯ ಉಗುರನ್ನು ಹಗಲಿನ ಬೆಳಕಿನಲ್ಲಿ ಒಮ್ಮೆ ನೋಡಿ. ಗುಲಾಬಿ ಛಾಯೆಯಿದ್ದರೆ ಸಂತೋಷ. ಬಿಳಿಚಿಕೊಂಡಿದ್ದರೆ, ಕೆಳಗಿನ ಕಣ್ಣುರೆಪ್ಪೆಯ ಒಳಬದಿಯೂ ಬಿಳಿಚಿದ್ದರೆ, ಉಗುರು ಚಮಚದಂತೆ ತಗ್ಗಾಗಿದ್ದರೆ, ರಕ್ತಪರೀಕ್ಷೆ ಮಾಡಿಸಿ. ಕಬ್ಬಿಣದ ಗುಳಿಗೆ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ. ಊಟವಾದೊಡನೆ ಚಹಾ ಕುಡಿದರೆ ಆಹಾರದ ಕಬ್ಬಿಣ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಅದರ ಬದಲು ಪಲ್ಯದ ಮೇಲೆ ನಿಂಬೆ ಹಿಂಡಿಕೊಂಡರೆ ಹೆಚ್ಚಾಗುತ್ತದೆ. ಉಗುರು ಹಳದಿಯಾಗಿ ದಪ್ಪವಾಗಿದ್ದರೆ ಬೂಷ್ಟಿನ ಸೋಂಕಿರಬಹುದು. ಹೊಸದಾಗಿ ಕಪ್ಪುಗೆರೆಯೊಂದು ಮೂಡಿ ಅಗಲವಾಗುತ್ತಿದ್ದರೆ ವೈದ್ಯರಿಗೆ ತೋರಿಸುವುದರಲ್ಲಿ ತಡಮಾಡಬಾರದು. ಅಲ್ಲೊಂದು ಇಲ್ಲೊಂದು ಬಿಳಿಚುಕ್ಕಿ ಕಂಡರೆ ಮಾತ್ರ ಹೆದರಬೇಡಿ. ಜನ ಅದನ್ನು ಸುಣ್ಣದಂಶದ ಕೊರತೆ ಎನ್ನುತ್ತಾರೆ; ಸಾಮಾನ್ಯವಾಗಿ ಅದು ಹಿಂದೆಂದೋ ಉಗುರಿಗೆ ತಗುಲಿದ ಸಣ್ಣ ಪೆಟ್ಟಿನ ಗುರುತು.

ಇನ್ನೊಂದು ಸೂಚನೆ. ಮುದ್ದುಮಗುವಿನ ಕೆನ್ನೆಗೆ ದೃಷ್ಟಿಬೊಟ್ಟನ್ನು ಇಟ್ಟು ಅಲಂಕಾರದಲ್ಲಿ ಒಂದು ಊನವನ್ನು ನಾವೇ ಉಳಿಸುತ್ತೇವೆ. ಹಾಗೆಯೇ ಹತ್ತು ಉಗುರುಗಳಲ್ಲಿ ಒಂದನ್ನು, ಎಡಗೈಯ ತೋರುಬೆರಳಿನದನ್ನು, ಬರಿದಾಗಿಯೇ ಬಿಡಿ. ಸೀಸೆಯ ಬಣ್ಣವನ್ನಾದರೆ ಒರೆಸಿಬಿಡಬಹುದು. ಮದರಂಗಿ ತಿಂಗಳುಗಟ್ಟಲೆ ಹೋಗದು. ಹೆರಿಗೆಯ ಅಥವಾ ಶಸ್ತ್ರಚಿಕಿತ್ಸೆಯ ದಿನ ಹತ್ತಿರವಿರುವವರಿಗೆ ಆ ಒಂದು ಬರಿಯ ಉಗುರು ಬಹಳ ಉಪಯೋಗಕ್ಕೆ ಬರುತ್ತದೆ. ಉಳಿದವರಿಗೆ ಅದು ತಮ್ಮ ಆರೋಗ್ಯವನ್ನು ದಿನವೂ ನೋಡಿಕೊಳ್ಳುವ ಪುಟ್ಟ ಕಿಟಕಿ.

ಈಗ ನನ್ನ ಅತ್ತಿಗೆಯ ಪ್ರಶ್ನೆ. ರೊಟ್ಟಿ ಬಡಿಯುವ ಕೈಗೆ ಬಣ್ಣ ಏಕೆ? ಯುಗಾದಿಯ ಹಿಂದಿನ ರಾತ್ರಿ ಆ ಕೈ ಒಂದು ಗಂಟೆಯ ಕಾಲ ಯಾವ ಕೆಲಸವನ್ನೂ ಮಾಡಲಾರದೆ ಸುಮ್ಮನೆ ಮಡಿಲಲ್ಲಿರಲಿ ಎಂಬುದಕ್ಕಾಗಿ. ಅಣ್ಣನ ಮಗಳಿಗೆ ನಾನು ಕೊಟ್ಟ ಉತ್ತರ ಇಷ್ಟೆ: “ಮೊದಲು ನಿನ್ನ ಅವ್ವನ ಕೈಗೆ ಹಚ್ಚವಾ, ಆಮೇಲೆ ನೀ ಹಚ್ಚಿಕೋ. ಹಚ್ಚೋಕಿನ ಮೊದಲ ಹಗಲಿನ್ಯಾಗ ಆಕಿ ಉಗುರು ಹ್ಯಾಂಗ ಅದಾವು ನೋಡಿ ನನಗ ಹೇಳು.”

ಮರುದಿನ ಆಕೆಯಿಂದ ಫೋನು ಬಂದಿತು. ಬೇವಿನ ಹೂವು ಹೇಗೆ ಬಂದಿದೆಯೆಂದು ಹೇಳಲಿಲ್ಲ. “ಅತ್ತಿ, ಅವ್ವನ ಉಗುರು ಬೆಳ್ಳಗ ಅದಾವು” ಎಂದಳು. ಹಬ್ಬ ಮುಗಿದ ಮೇಲೆ ತಾಯಿ ಮಗಳು ಇಬ್ಬರೂ ತಾಲ್ಲೂಕು ಆಸ್ಪತ್ರೆಗೆ ರಕ್ತಪರೀಕ್ಷೆಗೆ ಹೋಗುವರಿದ್ದಾರೆ.